ಯೂನಿವರ್ಸಿಟಿ ಐಟಿ ಸಪೋರ್ಟ್ ಕೆಲಸಕ್ಕೆ ತಯಾರಿ ಹೇಗೆ?

ಪ್ರಶ್ನೆ:
ಎರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಪ್ರಿಂಟರ್, ವಿಂಡೋಸ್ ಎಲ್ಲಾ ಕೈಗೆ ಹತ್ತಿದೆ. ನೆಟ್‌ವರ್ಕಿಂಗ್ ಮಾತ್ರ ಓದಿದ್ದಷ್ಟೇ, ಸಬ್‌ನೆಟ್ ಲೆಕ್ಕ (ನೆಟ್‌ವರ್ಕನ್ನು ಚಿಕ್ಕ ಭಾಗಗಳಾಗಿ ಮಾಡುವ ಲೆಕ್ಕ) ಕಂಡರೆ ಭಯ. ಈ ಕೆಲಸ ನನಗೆ ತುಂಬಾ ಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ನಾನು ಆರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸಬ್‌ನೆಟ್‌ಗೆ ಹೆದರಬೇಡಿ. /26 ಅಂದರೆ 64 ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್ ಗುರುತಿಸುವ ನಂಬರ್) ಇರುವ ಸಬ್‌ನೆಟ್. ಮೊದಲನೆಯದು, ಕೊನೆಯದು ಬಿಟ್ಟರೆ 62 ಬಳಕೆಗೆ. ದಿನಾ ನಾಲ್ಕು ಲೆಕ್ಕ ಹಾಳೆಯ ಮೇಲೆ ಮಾಡಿ, ಸಾಕು.

ಇಂಟರ್‌ವ್ಯೂನಲ್ಲಿ ನನಗೆ ಕೇಳಿದ್ದೇ ಬೇರೆ: "ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರ್‌ಗೆ ನೆಟ್ ಬರುತ್ತಿಲ್ಲ, ಏನು ನೋಡುತ್ತೀರಿ?" ಮೊದಲು ಕೇಬಲ್, ಪೋರ್ಟ್‌ನ ಲೈಟ್. ಆಮೇಲೆ ಐಪಿ ವಿಳಾಸ. ಅದು 169.254 ಅಂತ ಶುರುವಾದರೆ ಡಿಎಚ್‌ಸಿಪಿಯಿಂದ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಸಿಕ್ಕಿಲ್ಲ. ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ (ಸಂಪರ್ಕ ಇದೆಯಾ ನೋಡುವ ಕಮಾಂಡ್) ಹೋಗುತ್ತದೆ, ಆದರೆ ಯಾವ ಸೈಟೂ ಹೆಸರಿನಿಂದ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್ (ಸೈಟ್ ಹೆಸರನ್ನು ಐಪಿ ವಿಳಾಸ ಮಾಡುವ ವ್ಯವಸ್ಥೆ) ನೋಡಿ. ಇದನ್ನು ಸುಮ್ನೆ ಓದಬೇಡಿ, ಜೋರಾಗಿ ಹೇಳಿ ಅಭ್ಯಾಸ ಮಾಡಿ.

ಉತ್ತರ 2:
ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ಕಲಿಯುವ ಸಾಫ್ಟ್‌ವೇರ್, ಸಿಸ್ಕೋದ ಪ್ಯಾಕೆಟ್ ಟ್ರೇಸರ್, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎರಡು ಸ್ವಿಚ್ ಇಟ್ಟು ವಿಎಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಮಾಡಿ ನೋಡಿ. ಎಡುರೋಮ್ (ಹಲವು ಯೂನಿವರ್ಸಿಟಿಗಳಲ್ಲಿ ಒಂದೇ ಲಾಗಿನ್‌ನಿಂದ ನಡೆಯುವ) ವೈಫೈ ಬಗ್ಗೆಯೂ ಓದಿಕೊಳ್ಳಿ. ಕ್ಯಾಂಪಸ್‌ನಲ್ಲಿ ವೈಫೈ ದೂರುಗಳೇ ಜಾಸ್ತಿ ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇವತ್ತೇ /26 ಬಿಡಿಸಿದೆ, ಸರಿ ಬಂತು! ನಾಳೆ /27.