‘ಸಮುದಾಯದ ಗ್ಯಾಲರಿ’ ಅಂದರೆ ಯಾರ ಗ್ಯಾಲರಿ?

ಗೆಳೆಯರೇ,

ಬೆಂಗಳೂರಿನ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಕೆಲವು ಕಲಾವಿದರು ಸೇರಿಕೊಂಡು ಪುಟ್ಟ ಗ್ಯಾಲರಿ ನಡೆಸುತ್ತಿದ್ದಾರೆ. ಹಳೇ ಮನೆಯ ಮುಂದಿನ ಎರಡು ಕೋಣೆ, ಅಷ್ಟೇ. ಬಾಡಿಗೆ ಹಂಚಿಕೊಳ್ಳುವವರೂ ಅವರೇ, ಗೋಡೆಗೆ ಬಣ್ಣ ಬಳಿಯುವವರೂ ಅವರೇ. ಮುಂದಿನ ಪ್ರದರ್ಶನದ ಕರಪತ್ರದ ಕನ್ನಡ ಸ್ವಲ್ಪ ನೋಡಿಕೊಡಿ ಎಂದು ನನಗೆ ಕಳಿಸಿದ್ದಾರೆ. ಮೊದಲ ಸಾಲು ಹೀಗಿದೆ: ‘ಇದು ಸಮುದಾಯದ ಗ್ಯಾಲರಿ. ಎಲ್ಲರಿಗೂ ಸ್ವಾಗತ.’

ಅದನ್ನು ಪಕ್ಕದ ಟೈಲರ್ ಅಂಗಡಿಯವರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಯಾವ ಸಮುದಾಯದ್ದು?’

ಅವರು ತಿಳಿದುಕೊಳ್ಳಲೆಂದೇ ಕೇಳಿದರು. ಯಾವುದೋ ಒಂದು ಸಮುದಾಯದವರು ಕಟ್ಟಿಕೊಂಡ ಜಾಗ, ಬೇರೆಯವರೂ ಬರಬಹುದು ಅಂತ ಆ ಸಾಲು ಅವರಿಗೆ ಕೇಳಿಸಿದೆ. ಇವತ್ತಿನ ಕನ್ನಡದಲ್ಲಿ ಹಾಗೆ ಕೇಳಿಸುವುದು ಸಹಜ ಅಲ್ವಾ? ಯಾವುದೇ ದಿನದ ಪತ್ರಿಕೆ ತೆಗೆದು ನೋಡಿ. ‘ಸಮುದಾಯದ ಮುಖಂಡರು’, ‘ಸಮುದಾಯಕ್ಕೆ ಟಿಕೆಟ್’, ‘ಸಮುದಾಯದ ಸಮಾವೇಶ’. ಜಾತಿ ಎಂದು ಬರೆಯಲು ಸಂಕೋಚವಾದ ಕಡೆಯೆಲ್ಲ ಸಮುದಾಯ ಬಂದು ಕೂತಿದೆ.

ಮೂಲದಲ್ಲಿ ಈ ಪದಕ್ಕೂ ಜಾತಿಗೂ ನಂಟಿಲ್ಲ. ಸಂಸ್ಕೃತದಲ್ಲಿ ಒಟ್ಟಾಗಿ ಸೇರಿದ್ದು, ರಾಶಿ, ಗುಂಪು ಎಂದಷ್ಟೇ ಅರ್ಥ. ಕನ್ನಡದಲ್ಲೂ ಬೇರೆ ಬಾಳು ಬಾಳಿದ ಪದ ಇದು. 1975ರಲ್ಲಿ ಶುರುವಾದ ರಂಗತಂಡ ‘ಸಮುದಾಯ’ ಎಂದೇ ಹೆಸರಿಟ್ಟುಕೊಂಡು ಬೀದಿನಾಟಕಗಳನ್ನು ಊರೂರಿಗೆ ಒಯ್ದಿತು. ಆ ನಾಟಕಗಳನ್ನು ನೋಡಿ ಬೆಳೆದವರಿಗೆ ಸಮುದಾಯ ಅಂದರೆ ಈಗಲೂ ದುಡಿಯುವ ಜನ, ಬೀದಿ, ಹಾಡು. ಗ್ಯಾಲರಿಯ ಗೆಳೆಯರ ಮನಸ್ಸಿನಲ್ಲಿ ಇರುವುದೂ ಬಹುಶಃ ಅದೇ ಅರ್ಥ. ಆದರೆ ಕರಪತ್ರ ಓದುವವರು ಬೇರೆಯವರು.

ನನ್ನನ್ನು ಕಾಡುತ್ತಿರುವುದು ಒಂದು ವ್ಯಾಕರಣದ ವಿಷಯ. ‘ಸಮುದಾಯ ಆರೋಗ್ಯ ಕೇಂದ್ರ’, ‘ಸಮುದಾಯ ಬಾನುಲಿ’ ಎಂದಾಗ ಯಾವ ಸಮುದಾಯ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಪದಕ್ಕೆ ಪ್ರತ್ಯಯವಿಲ್ಲ, ಸುಮ್ನೆ ಮುಂದಿನ ಪದಕ್ಕೆ ಅಂಟಿಕೊಂಡು ಅದರ ಬಗೆ ಹೇಳುತ್ತದೆ. ‘-ದ’ ಸೇರಿದ ಕೂಡಲೇ ಒಬ್ಬ ಒಡೆಯ ಬಂದುಬಿಡುತ್ತಾನೆ. ಷಷ್ಠಿ ವಿಭಕ್ತಿ ಇದ್ದ ಕಡೆ ‘ಯಾರದು’ ಎಂಬ ಪ್ರಶ್ನೆಯೂ ಇರುತ್ತದೆ. ಹಾಗಾದರೆ ‘-ದ’ ಬಿಟ್ಟು ‘ಸಮುದಾಯ ಗ್ಯಾಲರಿ’ ಅಂದರೆ ಮುಗಿಯಿತಲ್ಲ ಎನ್ನಬಹುದು. ಅದೂ ನನಗೆ ಒಪ್ಪಿಗೆಯಾಗಲಿಲ್ಲ. ಗ್ಯಾಲರಿ ಒಂದು ಕಟ್ಟಡ. ನಮ್ಮ ಜನರಿಗೆ ಗೊತ್ತಿರುವ ಇನ್ನೊಂದು ಕಟ್ಟಡ ‘ಸಮುದಾಯ ಭವನ’. ಅದರ ಬೋರ್ಡಿನಲ್ಲಿ ಸಾಮಾನ್ಯವಾಗಿ ಮೊದಲಿಗೆ ಒಂದು ಹೆಸರಿರುತ್ತದೆ: ವಾಲ್ಮೀಕಿ ಸಮುದಾಯ ಭವನ, ಅಂಬೇಡ್ಕರ್ ಸಮುದಾಯ ಭವನ. ಆ ಹೆಸರಿಗಾಗಿ ಕಿವಿ ಕಾಯುತ್ತದೆ. ಅದು ಬರದಿದ್ದರೆ ಮತ್ತೆ ಅದೇ ಪ್ರಶ್ನೆ.

ಬೆಂಗಳೂರಿನ ಕಲಾವಿದರು ಇಂಥ ಜಾಗಗಳಿಗೆ ಏನೆಂದು ಹೆಸರಿಟ್ಟಿದ್ದಾರೆ ಅಂತಲೂ ನೋಡಿದೆ. ಕಲಾವಿದ ಸುರೇಶ್ ಜಯರಾಂ 2003ರಲ್ಲಿ ಶುರುಮಾಡಿದ ಜಾಗಕ್ಕೆ ವಿಳಾಸವೇ ಹೆಸರು, ‘1 ಶಾಂತಿರೋಡ್’. ಅದು ಅವರ ಮನೆಯೂ ಹೌದು, ಗ್ಯಾಲರಿಯೂ ಹೌದು, ಬೇರೆ ಊರುಗಳಿಂದ ಬಂದ ಕಲಾವಿದರು ಉಳಿದು ಕೆಲಸ ಮಾಡುವ ತಾಣವೂ ಹೌದು. ಇಷ್ಟನ್ನೂ ಹಿಡಿದಿಡುವ ಒಂದು ಪದ ಹುಡುಕುವ ಬದಲು ರಸ್ತೆಯ ಹೆಸರನ್ನೇ ಇಟ್ಟದ್ದು ಒಳ್ಳೆಯದೇ ಆಯಿತು. 2009ರಲ್ಲಿ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಕಲಾವಿದರು ತಾವೇ ಹಣ ಹಾಕಿ 414 ದಿನಗಳ ಮಟ್ಟಿಗೆ ನಡೆಸಿದ ಜಾಗದ ಹೆಸರು ‘ಸಮೂಹ’. ಒಳ್ಳೆಯ ಪದ, ಜಾತಿಯ ನೆರಳು ಬಿದ್ದಿಲ್ಲ. ಆದರೆ ಅದು ಹೇಳುವುದು ನಡೆಸುವವರ ಗುಂಪನ್ನು. ನನಗೆ ಬೇಕಿರುವುದು ಸುತ್ತ ಇರುವವರನ್ನು ಹೇಳುವ ಪದ.

‘ಸಾರ್ವಜನಿಕ’ ಆಗುತ್ತದೆಯೇ? 2016ರಲ್ಲಿ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಬಾರದು ಎಂದು ಕಲಾವಿದರು ಬೀದಿಗಿಳಿದಾಗ ಆ ಪದಕ್ಕೆ ತೂಕವಿತ್ತು. ಅದು ಸರ್ಕಾರದ ಗ್ಯಾಲರಿ, ಎಲ್ಲರ ಸ್ವತ್ತು. ಇಲ್ಲಿ ವಿಷಯ ಬೇರೆ. ಸಾರ್ವಜನಿಕರು ಅಂದರೆ ಯಾರಾದರೂ ಆಗಬಹುದು. ಈ ಗ್ಯಾಲರಿಗೆ ತನ್ನ ಜನ ಯಾರು ಅಂತ ಗೊತ್ತು. ಟೈಲರ್, ಹೂವಿನವರು, ಎದುರು ಮನೆಯ ಅಜ್ಜಿ, ಮೆಕ್ಯಾನಿಕ್ ಅಂಗಡಿಯ ಹುಡುಗರು. ಕನ್ನಡ, ತಮಿಳು, ಉರ್ದು, ತೆಲುಗು ಎಲ್ಲ ಆಡುವ ರಸ್ತೆ ಅದು.

ಕಳೆದ ಪ್ರದರ್ಶನದ ಒಂದು ವಿಷಯ ಹೇಳಲೇಬೇಕು. ಒಬ್ಬ ಕಲಾವಿದೆ ಆ ಸುತ್ತಿನ ಟೈಲರ್ ಅಂಗಡಿಗಳಿಂದ ತುಂಡುಬಟ್ಟೆ ಕೂಡಿಸಿದರು. ಮಧ್ಯಾಹ್ನ ಬಿಡುವಾದಾಗ ಹೆಂಗಸರು ಬಂದು ಕೂತು ಹೊಲಿದರು. ಕೊನೆಗೆ ಆದದ್ದು ಗೋಡೆಯಗಲದ ಕೌದಿ. ಅದರಲ್ಲಿ ಇಡೀ ರಸ್ತೆಯ ನಕಾಶೆ ಇತ್ತು. ಶಾಲೆ ಇರುವ ಕಡೆ ಯೂನಿಫಾರಂನ ನೀಲಿ ತುಂಡು. ಹೂವಿನಂಗಡಿಯ ಜಾಗದಲ್ಲಿ ರವಿಕೆ ಬಟ್ಟೆಯ ಹಳದಿ. ಮೋರಿಗೆ ಪ್ಯಾಂಟಿನ ಬೂದು ಲೈನಿಂಗ್, ನಡುನಡುವೆ ಬೇಕಂತಲೇ ಬಿಟ್ಟ ಸಡಿಲ ಹೊಲಿಗೆ. ಅದರ ಪಕ್ಕದ ಚೀಟಿಯಲ್ಲಿ ಮೊದಲು ‘ಸಮುದಾಯದ ಸಹಭಾಗಿತ್ವದಲ್ಲಿ ರಚಿತವಾದ ಪ್ರತಿಷ್ಠಾಪನಾ ಕಲಾಕೃತಿ’ ಎಂದಿತ್ತು. (ಇಂಗ್ಲಿಷಿನ ‘ಇನ್‌ಸ್ಟಲೇಶನ್’ಗೆ ಮಾಡಿಕೊಂಡ ಕನ್ನಡ ಅದು. ಪ್ರತಿಷ್ಠಾಪನೆ ಅಂದರೆ ನಮ್ಮ ಜನಕ್ಕೆ ಗಣಪತಿ. ಅದರ ಚರ್ಚೆ ಇನ್ನೊಮ್ಮೆ ಮಾಡೋಣ.) ಆಮೇಲೆ ಕಲಾವಿದೆಯೇ ಅದನ್ನು ಕಿತ್ತು ‘ಈ ರಸ್ತೆಯವರು ಹೊಲಿದದ್ದು’ ಎಂದು ಕೈಯಲ್ಲಿ ಬರೆದು ಅಂಟಿಸಿದರು. ಹೆಂಗಸರು ನೆಂಟರನ್ನು ಕರೆದುಕೊಂಡು ಬಂದು, ‘ಇದು ನಾನು ಹಾಕಿದ್ದು’ ಅಂತ ಬೆರಳಿಟ್ಟು ತೋರಿಸಿದರು. ‘ಪ್ರತಿಷ್ಠಾಪನಾ ಕಲಾಕೃತಿ’ ಅಂತ ಇದ್ದಿದ್ದರೆ ಆ ಬೆರಳು ಅಷ್ಟು ಹತ್ತಿರ ಹೋಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಆ ಚೀಟಿ ನೋಡಿದಾಗ ನನಗೆ ಹೊಳೆದದ್ದು ‘-ಅವರು’. ರಸ್ತೆಯವರು, ಪಕ್ಕದವರು, ಎದುರು ಮನೆಯವರು, ಏರಿಯಾದವರು. ಜಾಗಕ್ಕೆ ‘-ಅವರು’ ಸೇರಿಸಿದರೆ ಅಲ್ಲಿನ ಜನರೆಲ್ಲ ಬಂದುಬಿಡುತ್ತಾರೆ. ಯಾವ ಜಾತಿ, ಯಾವ ಭಾಷೆ ಅಂತ ಕೇಳುವ ಹಾಗೇ ಇಲ್ಲ. ಅಲ್ಲಿದ್ದರೆ ಸಾಕು, ಅವರು ಅಲ್ಲಿಯವರು. ಆದ್ದರಿಂದ ಕರಪತ್ರಕ್ಕೆ ನಾನು ಸೂಚಿಸಬೇಕೆಂದಿರುವ ಸಾಲು ಇದು: ‘ಈ ರಸ್ತೆಯವರ ಜೊತೆ ಸೇರಿ ಕಲಾವಿದರೇ ನಡೆಸುವ ಗ್ಯಾಲರಿ.’ ‘ಕಲಾವಿದರೇ’ ಎಂಬಲ್ಲಿನ ‘ಏ’ ಬಿಡಬಾರದು. ಮಾಲೀಕರು ಬೇರೆ ಯಾರೂ ಇಲ್ಲ ಎಂಬುದನ್ನು ಆ ಒಂದು ಅಕ್ಷರವೇ ಹೇಳುತ್ತದೆ.

ಸಾಲಿಗೆ ಇದು ಸರಿ. ಆದರೆ ಬೋರ್ಡಿಗೆ, ವರದಿಗೆ, ಪದೇ ಪದೇ ಬಳಸಲು ಒಂದು ಚಿಕ್ಕ ಪದವೂ ಬೇಕು ಅನ್ನುತ್ತಾರೆ ಗೆಳೆಯರು. ‘ಕೇರಿ’ ಬೇಡ, ಅಲ್ಲಿ ಮತ್ತೆ ಜಾತಿಯ ಪ್ರಶ್ನೆ ಬರುತ್ತದೆ. ‘ವಠಾರ’ ಚೆನ್ನಾಗಿದೆ, ಆದರೆ ಅದು ಒಂದೇ ಗೇಟಿನ ಒಳಗಿನ ಮನೆಗಳು. ‘ಏರಿಯಾ’ ಎಲ್ಲರ ಬಾಯಲ್ಲಿರುವ ಪದ, ನನಗೆ ಯಾವ ತಕರಾರೂ ಇಲ್ಲ. ಗೆಳೆಯರಿಗೆ ಮಾತ್ರ ಅದು ಹಗುರ ಅನ್ನಿಸುತ್ತಿದೆ. ಹಗುರವಾದ ಪದ ಕೆಲಸ ಮಾಡುತ್ತದೆ ಎಂಬುದಕ್ಕೆ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ರಸ್ತೆಯಲ್ಲೇ ನಡೆಸುವ ಚಿತ್ರಸಂತೆಯೇ ಸಾಕ್ಷಿ. ಎರಡು ದಶಕಗಳಿಂದ ಕುಮಾರಕೃಪಾ ರಸ್ತೆಗೆ ಜನ ಸಂಕೋಚವಿಲ್ಲದೆ ಬರುತ್ತಿರುವುದರಲ್ಲಿ ‘ಸಂತೆ’ ಎಂಬ ಪದದ ಪಾಲೂ ಇದೆ. ಉಳಿದದ್ದು ‘ನೆರೆಹೊರೆ ಗ್ಯಾಲರಿ’. ನನ್ನ ಒಲವು ಸದ್ಯಕ್ಕೆ ಇದರ ಕಡೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ‘ನೆರೆಹೊರೆ’ ನಿಮ್ಮ ಕಿವಿಗೆ ಆಡುಮಾತಿನ ಪದವೋ, ಪುಸ್ತಕದ್ದೋ? ಕರಾವಳಿಯ ಆಮಂತ್ರಣಗಳಲ್ಲಿ ‘ಊರ ಹತ್ತು ಸಮಸ್ತರು’ ಎಂದು ಬರೆಯುತ್ತಾರಲ್ಲ, ಅದನ್ನು ದೇವಸ್ಥಾನದ ಕೆಲಸ ಬಿಟ್ಟು ಬೇರೆ ಕಡೆಯೂ ಬಳಸುತ್ತೀರಾ? ಹುಬ್ಬಳ್ಳಿ ಧಾರವಾಡದವರು ‘ನಮ್ಮ ಓಣಿ ಮಂದಿ’ ಅಂದಾಗ ಅದರಲ್ಲಿ ಓಣಿಯ ಎಲ್ಲರೂ ಬರುತ್ತಾರಾ, ಇಲ್ಲಾ ನಮ್ಮವರು ಅನ್ನುವ ಅರ್ಥ ಒಳಗೇ ಇರುತ್ತದಾ? ಎಲ್ಲರೂ ಬರುತ್ತಾರೆ ಅನ್ನುವುದಾದರೆ ‘ಓಣಿ ಗ್ಯಾಲರಿ’ ಅಂತಲೂ ಗೆಳೆಯರ ಮುಂದಿಡುತ್ತೇನೆ. ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.