ಸ್ಕೀ ಟೂರ್ ಸೀಸನ್ ಶುರುವಾಗುವ ಮುಂಚೆ ಕ್ಲಬ್ಬಿನ ಹಿಮಕುಸಿತ ಅಭ್ಯಾಸ: ಹಳೇ ಟ್ರಾನ್ಸೀವರ್ ಸಾಕಾ?

ಪ್ರಶ್ನೆ

ನಮಸ್ಕಾರ. ಜ್ಯೂರಿಕ್‌ನಲ್ಲಿದ್ದೇನೆ, ಈ ವರ್ಷ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಶಾಖೆಯೊಂದಕ್ಕೆ ಸೇರಿದ್ದೇನೆ. ಪಿಸ್ಟ್ (ಸ್ಕೀಗೆಂದೇ ಸಮ ಮಾಡಿದ ಇಳಿಜಾರು) ಮೇಲೆ ಸ್ಕೀ ಚೆನ್ನಾಗಿ ಬರುತ್ತೆ, ಸ್ಕೀ ಹಾಕಿಕೊಂಡೇ ಬೆಟ್ಟ ಹತ್ತಿ ಇಳಿಯುವ ಟೂರ್ ಮಾತ್ರ ಹೊಸದು. ಚಳಿಗಾಲದ ಕಾರ್ಯಕ್ರಮ ಪಟ್ಟಿ ಬಂದಿದೆ. ಹಿಮಕುಸಿತ ಅಭ್ಯಾಸದ ದಿನ ಬಾರದವರಿಗೆ ಮುಂದಿನ ಟೂರ್‌ಗಳಲ್ಲಿ ಜಾಗವಿಲ್ಲ ಅಂತ ಬರೆದಿದ್ದಾರೆ. ಪರಿಚಯದವರು ಒಂದೇ ಆಂಟೆನಾದ ಹಳೇ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ) ಕೊಡ್ತೀನಿ ಅಂದಿದ್ದಾರೆ, ಅದು ನಡೆಯುತ್ತಾ? ಅವತ್ತು ನಿಜವಾಗಿ ಏನು ಮಾಡಿಸ್ತಾರೆ? ಪಟ್ಟಿಯಲ್ಲಿ ಟೂರ್ ಹೆಸರಿನ ಮುಂದೆ ‘ಡಬ್ಲ್ಯೂಎಸ್, 1100 ಮೀಟರ್’ ಅಂತಿದೆ, ಅದನ್ನು ಹೇಗೆ ಓದಬೇಕು?

ಉತ್ತರ 1

ಆ ಹಳೇ ಸಾಧನ ಬೇಡ. 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತೆ ನಿಜ. ಆದರೆ ಒಂದೇ ಆಂಟೆನಾ ಇದ್ದರೆ ದಿಕ್ಕು ತೋರಿಸುವ ಬಾಣವಿರಲ್ಲ, ಸದ್ದಿನ ಏರಿಳಿತ ಕೇಳಿಕೊಂಡು ಹುಡುಕಬೇಕು. ಆಳದಲ್ಲಿ ಹೂತ ಸಾಧನ ನೆಟ್ಟಗೆ ನಿಂತಿದ್ದರೆ ಎರಡು ಕಡೆ ಸಿಗ್ನಲ್ ಜೋರಾಗಿ ಕೇಳಿ ತಪ್ಪು ಜಾಗದಲ್ಲಿ ಅಗೆಯೋ ಹಾಗಾಗುತ್ತೆ. ಮೂರು ಆಂಟೆನಾದ ಡಿಜಿಟಲ್ ಸಾಧನವೇ ಬೇಕು. ಮೊದಲ ಸೀಸನ್‌ಗೆ ಬಾಡಿಗೆಗೆ ತಗೊಳ್ಳಿ, ಅಷ್ಟರಲ್ಲಿ ಯಾವುದು ಕೈಗೆ ಒಗ್ಗುತ್ತೆ ಅಂತ ಗೊತ್ತಾಗುತ್ತೆ.

ಬ್ಯಾಟರಿ ಹೊಸ ಆಲ್ಕಲೈನ್ ಇರಲಿ. ತಯಾರಕರು ಒಪ್ಪಿದ್ದರೆ ಮಾತ್ರ ಲಿಥಿಯಂ. ರೀಚಾರ್ಜ್ ಮಾಡೋ ಬ್ಯಾಟರಿ ಬೇಡ, ಎಷ್ಟು ಉಳಿದಿದೆ ಅನ್ನೋದನ್ನ ಸಾಧನ ತಪ್ಪಾಗಿ ತೋರಿಸುತ್ತೆ. ಸೀಸನ್ ಮುಗಿದಮೇಲೆ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಕಾಂಟ್ಯಾಕ್ಟ್ ತುಕ್ಕು ಹಿಡಿಯುತ್ತೆ. ಫೋನು, ಕ್ಯಾಮೆರಾ, ಬಿಸಿಯಾಗುವ ಕೈಗವಸು ಇವೆಲ್ಲ ಸಾಧನದಿಂದ 20 ಸೆಂ.ಮೀ. ದೂರ, ಹುಡುಕುವಾಗ 50 ಸೆಂ.ಮೀ. ದೂರ ಇರಬೇಕು.

ಸಲಿಕೆ ಲೋಹದ್ದೇ ಆಗಬೇಕು. ಗಟ್ಟಿಯಾದ ಹಿಮದಲ್ಲಿ ಪ್ಲಾಸ್ಟಿಕ್ ಒಡೆಯುತ್ತೆ. ಪ್ರೋಬ್, ಅಂದರೆ ಹಿಮಕ್ಕೆ ಚುಚ್ಚಿ ಹೂತವರನ್ನು ಹುಡುಕುವ ಮಡಚುವ ಕಂಬಿ, ಕನಿಷ್ಠ 240 ಸೆಂ.ಮೀ. ಗ್ರಾಂ ಉಳಿಸೋಕೆ ಹೋಗಿ ತೀರಾ ತೆಳು ಕಾರ್ಬನ್ ಕಂಬಿ ತಗೊಂಡರೆ ಗಟ್ಟಿ ಹಿಮದಲ್ಲಿ ಬಾಗಿ ದಿಕ್ಕು ತಪ್ಪುತ್ತೆ.

ಉತ್ತರ 2

ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಮೊದಲ ಕೆಲಸ ಗುಂಪು ತಪಾಸಣೆ. ಎಲ್ಲರೂ ಸಾಧನವನ್ನು ಹುಡುಕುವ ಸ್ಥಿತಿಯಲ್ಲಿಟ್ಟು ನಾಯಕರ ಸಿಗ್ನಲ್ ಹಿಡಿಯುತ್ತಾರೆ, ಆಮೇಲೆ ಎಲ್ಲರೂ ಕಳಿಸುವ ಸ್ಥಿತಿಗೆ ಬಂದು ಒಬ್ಬೊಬ್ಬರಾಗಿ ನಾಯಕರ ಮುಂದೆ ಹಾದುಹೋಗುತ್ತಾರೆ. ಟೂರ್ ದಿನವೂ ಇದು ತಪ್ಪುವುದಿಲ್ಲ.

ನಂತರ ಸಿಗ್ನಲ್ ಕಳಿಸುವ ಸಾಧನವನ್ನು ಚೀಲದಲ್ಲಿಟ್ಟು ಹೂಳುತ್ತಾರೆ. ಹುಡುಕಲು ಹೊರಟವರಲ್ಲಿ ಒಬ್ಬರು ಸಾಧನವನ್ನು ಕಳಿಸುವ ಸ್ಥಿತಿಯಲ್ಲೇ ಬಿಟ್ಟರೂ ಉಳಿದವರೆಲ್ಲ ಅವರನ್ನೇ ಹುಡುಕುತ್ತಾ ಹೋಗುತ್ತಾರೆ. ಅತಿ ಹೆಚ್ಚು ನಡೆಯುವ ತಪ್ಪು ಇದೇ. ಸಿಗ್ನಲ್ ಸಿಗುವವರೆಗೆ ವೇಗವಾಗಿ ಸಾಗಬೇಕು, ಕಣ್ಣು ಹಿಮದ ಮೇಲೂ ಇರಬೇಕು: ಕೈಗವಸು, ಸ್ಕೀ ತುದಿ ಏನಾದರೂ ಕಂಡೀತು. ಸಿಕ್ಕ ಮೇಲೆ ಬಾಣ ಹಿಡಿದು ಹೋದರೆ ದಾರಿ ನೇರವಾಗಿರದೆ ಬಾಗುತ್ತದೆ. ಸಾಧನ ಕೆಟ್ಟಿಲ್ಲ, ಕಾಂತಕ್ಷೇತ್ರದ ರೇಖೆಗಳೇ ಹಾಗೆ ಬಾಗಿರುತ್ತವೆ. ಸಾಧನ ತೋರಿಸುವ ದೂರದ ಅಂಕಿ ಏರುತ್ತಾ ಹೋದರೆ ವಿರುದ್ಧ ದಿಕ್ಕಿಗೆ ತಿರುಗಿ. 10 ಮೀಟರ್‌ನಿಂದ ನಿಧಾನಿಸಿ. 3 ಮೀಟರ್‌ಗೆ ಬಂದಾಗ ಸಾಧನವನ್ನು ಹಿಮಕ್ಕೆ ತಾಗುವಂತೆ ಹಿಡಿದು, ಸ್ವಲ್ಪವೂ ತಿರುಗಿಸದೆ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ ಜರುಗಿಸಿ ಅತಿ ಕಡಿಮೆ ಅಂಕಿ ಬರುವ ಬಿಂದು ಹುಡುಕಿ. ಅವಸರಪಟ್ಟರೆ ಅಂಕಿ ಕೈಗಿಂತ ಹಿಂದೆ ಬೀಳುತ್ತದೆ.

ಪ್ರೋಬ್ ಚುಚ್ಚುವುದು ಇಳಿಜಾರಿನ ಮೇಲ್ಮೈಗೆ ಲಂಬವಾಗಿ, ಆ ಬಿಂದುವಿನಿಂದ ಸುರುಳಿಯಾಗಿ, 25 ಸೆಂ.ಮೀ. ಅಂತರದಲ್ಲಿ. ದೇಹಕ್ಕೆ ತಾಗಿದರೆ ಮೆತ್ತಗೆ ಪುಟಿಯುತ್ತದೆ, ನೆಲಕ್ಕೆ ತಾಗಿದರೆ ಗಟ್ಟಿ. ತಾಗಿದ ಪ್ರೋಬನ್ನು ಯಾವ ಕಾರಣಕ್ಕೂ ಕೀಳಬೇಡಿ.

ಇಲ್ಲಿಯವರೆಗಿನದನ್ನು ಎಲ್ಲ ಕ್ಲಬ್ಬಿನವರೂ ಮನಸ್ಸಿಟ್ಟು ಮಾಡಿಸುತ್ತಾರೆ, ಅಗೆಯುವುದನ್ನು ಊಟದ ಹೊತ್ತಾಯಿತೆಂದು ಬಿಟ್ಟುಬಿಡುತ್ತಾರೆ. ಇದು ಸರಿಯಲ್ಲ. ಸಮಯ ಹೆಚ್ಚು ತಿನ್ನುವುದು ಅಗೆತವೇ. ಒಂದು ಮೀಟರ್ ಆಳದಲ್ಲಿರುವವರನ್ನು ತೆಗೆಯಲು ಒಂದು ಟನ್‌ಗೂ ಹೆಚ್ಚು ಹಿಮ ಸರಿಸಬೇಕು, ಅದೂ ನಿಂತ ಕೂಡಲೇ ಸಿಮೆಂಟಿನಂತೆ ಬಿಗಿದುಕೊಂಡ ಹಿಮ. 10 ನಿಮಿಷದೊಳಗೆ ಹೊರಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ. ಆಮೇಲೆ ಉಸಿರುಗಟ್ಟಿ ಆ ಪ್ರಮಾಣ ಕಡಿದಾಗಿ ಕುಸಿಯುತ್ತದೆ.

ಪ್ರೋಬ್ ಮೇಲೆ ಆಳ ಓದಿಕೊಂಡು ಅಷ್ಟೇ ದೂರ ಇಳಿಜಾರಿನ ಕೆಳಗಿನಿಂದ ಅಗೆಯಲು ಶುರುಮಾಡಿ. ಪ್ರೋಬಿನ ಬಳಿಯೇ ನಿಂತು ನೇರ ಕೆಳಕ್ಕೆ ಬಾವಿ ತೋಡಿದರೆ ಮುಖದ ಮುಂದಿರಬಹುದಾದ ಗಾಳಿಯ ಜಾಗ ಕುಸಿಯುತ್ತದೆ, ಹಿಮ ಹಾಕಲು ಜಾಗವೂ ಉಳಿಯುವುದಿಲ್ಲ. ಒಬ್ಬರು ಮುಂದೆ ನಿಂತು ಗಡ್ಡೆಗಳಾಗಿ ಕತ್ತರಿಸಲಿ, ಹಿಂದಿನವರು ವಿ ಆಕಾರದಲ್ಲಿ ನಿಂತು ದೋಣಿಯ ಹುಟ್ಟು ಹಾಕುವ ಹಾಗೆ ಹಿಮವನ್ನು ಹಿಂದಕ್ಕೆ ತಳ್ಳಲಿ. ಎತ್ತಿ ಎಸೆಯಬೇಡಿ. ಮುಂದಿನವರು ಸುಸ್ತಾಗುವ ಮುಂಚೆಯೇ ಜಾಗ ಬದಲಿಸಿ. ತಲೆ ಸಿಕ್ಕ ತಕ್ಷಣ ಬಾಯಿ, ಮೂಗು ಬಿಡಿಸಿ, ಎದೆಯ ಮೇಲಿನ ಭಾರ ತೆಗೆಯಿರಿ. ಇಷ್ಟರ ನಡುವೆ ಒಬ್ಬರು ಸ್ವಿಸ್ ವಾಯು ರಕ್ಷಣಾ ಸಂಸ್ಥೆ ರೇಗಾದ ಹೆಲಿಕಾಪ್ಟರ್‌ಗಾಗಿ 1414ಕ್ಕೆ ಕರೆ ಮಾಡಬೇಕು.

ಉತ್ತರ 3

ಡಬ್ಲ್ಯೂಎಸ್ ಟೂರ್ ಎಷ್ಟು ಕಷ್ಟ ಅಂತ ಹೇಳುವ ದರ್ಜೆ, ಎಲ್ (ಸುಲಭ) ದರ್ಜೆಯ ಮುಂದಿನದು. ಅದರ ಮೇಲೆ ಜೆಡ್‌ಎಸ್, ಎಸ್ ಹೀಗೆ ಏರುತ್ತದೆ. 1100 ಮೀಟರ್ ಹತ್ತಬೇಕಾದ ಎತ್ತರ. ಗಂಟೆಗೆ 300–400 ಮೀಟರ್ ಲೆಕ್ಕ ಹಿಡಿದರೆ ವಿಶ್ರಾಂತಿ ಬಿಟ್ಟು ಸುಮಾರು ಎರಡೂಮುಕ್ಕಾಲರಿಂದ ಮೂರೂಮುಕ್ಕಾಲು ಗಂಟೆ. ಗುಂಪಿನ ವೇಗಕ್ಕೆ ಹತ್ತಲಾಗದಿದ್ದರೆ 700–800 ಮೀಟರಿನ ಟೂರ್‌ನಿಂದ ಆರಂಭಿಸಿ.

ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ, ಅಂದರೆ ಸ್ಕಿನ್ ಬಗ್ಗೆ ಒಂದು ಮಾತು. ಇಳಿಯುವಾಗ ಅದನ್ನು ಬ್ಯಾಗಿಗೆ ಹಾಕಬೇಡಿ, ಜಾಕೆಟ್ ಒಳಗಿಡಿ. ಅಂಟು ತಣ್ಣಗಾದರೆ ಮತ್ತೆ ಹಿಡಿಯುವುದಿಲ್ಲ. ಅಂಟಿಸುವ ಮುಂಚೆ ಸ್ಕೀ ತಳ ಒರೆಸಿ. ಎರಡು ರಬ್ಬರ್ ಪಟ್ಟಿ ಜೊತೆಗಿರಲಿ, ಅಂಟು ಕೈಕೊಟ್ಟರೆ ಕಟ್ಟಿಕೊಂಡು ನಡೆಯಬಹುದು. ಬಿಸಿಲಿನ ಒದ್ದೆ ಹಿಮದಿಂದ ನೆರಳಿಗೆ ಬಂದಾಗ ಸ್ಕಿನ್‌ಗೆ ಹಿಮ ಗಡ್ಡೆ ಕಟ್ಟುತ್ತದೆ, ಮೇಣ ಉಜ್ಜಿ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದ. ಇನ್ನೊಂದು ಕೇಳಬೇಕಿತ್ತು: ಹಿಮಕುಸಿತದ ಅಪಾಯ ಮಟ್ಟ 3 ಅಂತ ಬಂದರೆ ಟೂರ್ ರದ್ದಾಗುತ್ತಾ?

ಉತ್ತರ 2

ತಾನಾಗಿಯೇ ರದ್ದಾಗುವುದಿಲ್ಲ, ಗುರಿ ಬದಲಾಗಬಹುದು. ದಾವೋಸ್‌ನ ಹಿಮಕುಸಿತ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್‌ನ ಬುಲೆಟಿನ್ ಚಳಿಗಾಲದಲ್ಲಿ ಸಂಜೆ 5ಕ್ಕೂ ಬೆಳಿಗ್ಗೆ 8ಕ್ಕೂ ಬರುತ್ತದೆ. ಐದರ ಮಾಪಕದಲ್ಲಿ 3 ಮಧ್ಯದ್ದು ಅಂದುಕೊಂಡು ಸಾಧಾರಣ ಎನ್ನಬೇಡಿ, ಒಬ್ಬ ಸ್ಕೀಯರ್‌ನ ಭಾರಕ್ಕೇ ಪದರ ಒಡೆಯಬಹುದು. ಮಟ್ಟದ ಜೊತೆಗೆ ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ ಅಂತಲೂ ಓದಿ. ಸ್ಥೂಲ ನಿಯಮ ಇದು: ಮಟ್ಟ 2ಕ್ಕೆ 40 ಡಿಗ್ರಿಗಿಂತ ಕಡಿಮೆ ಕಡಿದಾದ ಇಳಿಜಾರಿನಲ್ಲೇ ಉಳಿಯಬೇಕು, 3ಕ್ಕೆ 35ಕ್ಕಿಂತ ಕಡಿಮೆ, 4ಕ್ಕೆ 30ಕ್ಕಿಂತ ಕಡಿಮೆ. ಸ್ವಿಸ್‌ಟೋಪೋ (ಸ್ವಿಸ್ ಸರ್ಕಾರದ ನಕ್ಷೆ ಸಂಸ್ಥೆ) ನಕ್ಷೆಯಲ್ಲಿ 30 ಡಿಗ್ರಿ ಮೀರಿದ ಇಳಿಜಾರಿಗೆ ಬಣ್ಣ ಹಚ್ಚಿರುತ್ತಾರೆ. ನೀವು ನಡೆಯುವ ಗೆರೆಯನ್ನಷ್ಟೇ ನೋಡದೆ ಅದರ ಮೇಲ್ಭಾಗದ ಇಳಿಜಾರನ್ನೂ ನೋಡಿ. ನಾಯಕರು ಸಂಜೆ ಬುಲೆಟಿನ್ ನೋಡಿ ಗುರಿ ತಿಳಿಸುವವರೆಗೆ ರೈಲು ಟಿಕೆಟ್ ಕೊಳ್ಳಬೇಡಿ. ಕ್ಲಬ್ ಸದಸ್ಯತ್ವದಲ್ಲಿ ರಕ್ಷಣಾ ವೆಚ್ಚ ಸೇರಿಲ್ಲ. ರೇಗಾ ಪೋಷಕತ್ವ (ವಾರ್ಷಿಕ ವಂತಿಗೆ) ಮತ್ತು ನಿಮ್ಮ ಅಪಘಾತ ವಿಮೆ ಎರಡನ್ನೂ ಈಗಲೇ ನೋಡಿಟ್ಟುಕೊಳ್ಳಿ.