ಪದಚರ್ಚೆ: ‘ಕಾಡುವ ಮನೆ’ ಎಂದು ಬರೆಯಬಹುದೇ?

ಗೆಳೆಯರೆ,

ನಮ್ಮ ಓದುಗರ ಕೂಟ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಸಂಚಿಕೆ ತರುತ್ತದೆ. ಈ ಬಾರಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಸರಣಿಯನ್ನು ನೋಡಿದವರ ಅಭಿಪ್ರಾಯಗಳನ್ನು ಒಟ್ಟುಮಾಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹನ್ನೊಂದು ಮಂದಿ ಬರೆದುಕೊಟ್ಟಿದ್ದಾರೆ. ಬರಹ ಮುಗಿದಿದೆ, ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಹಾಂಟಿಂಗ್’ ಎಂಬ ಒಂದೇ ಪದಕ್ಕೆ ಅವರಲ್ಲಿ ಒಬ್ಬರು ಭೂತಬಂಗಲೆ ಎಂದಿದ್ದಾರೆ, ಇನ್ನೊಬ್ಬರು ದೆವ್ವದ ಮನೆ, ಮತ್ತೊಬ್ಬರು ಪಿಶಾಚಿ ಹಿಡಿದ ಮನೆ, ಮಗದೊಬ್ಬರು ಪಾಳುಬಂಗಲೆ. ಯಾವುದೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಏಕೆಂದು ಹೇಳಿ ನಿಮ್ಮ ಅಭಿಪ್ರಾಯ ಕೇಳುತ್ತೇನೆ.

ಸರಣಿಯನ್ನು ನೋಡದವರಿಗೆ ಎರಡು ಮಾತು. 2018ರ ಅಕ್ಟೋಬರ್ 12ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹತ್ತು ಕಂತುಗಳ ಕಥೆ ಇದು. ಹತ್ತನ್ನೂ ನಿರ್ದೇಶಿಸಿದವರು ಮೈಕ್ ಫ್ಲಾನಗನ್. ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿಯಿಂದ ಮನೆಯನ್ನೂ ಕೆಲವು ಹೆಸರುಗಳನ್ನೂ ತೆಗೆದುಕೊಂಡು, ಉಳಿದದ್ದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿದ್ದಾರೆ. ಹ್ಯೂ ಮತ್ತು ಒಲಿವಿಯಾ ಕ್ರೇನ್ ದಂಪತಿ 1992ರ ಬೇಸಿಗೆಯಲ್ಲಿ ಐದು ಮಕ್ಕಳೊಂದಿಗೆ ಒಂದು ಹಳೆಯ ಬಂಗಲೆಗೆ ಬರುತ್ತಾರೆ. ರಿಪೇರಿ ಮಾಡಿ ಲಾಭಕ್ಕೆ ಮಾರುವುದು ಅವರ ಯೋಚನೆ. ಒಂದು ರಾತ್ರಿ ತಂದೆ ಮಕ್ಕಳನ್ನು ಎತ್ತಿಕೊಂಡು ಓಡಿಹೋಗುತ್ತಾನೆ, ತಾಯಿ ಅಲ್ಲೇ ಸಾಯುತ್ತಾಳೆ. ಮಕ್ಕಳು ಬೆಳೆದು ದೊಡ್ಡವರಾಗಿ ಬೇರೆ ಬೇರೆ ಊರು ಸೇರಿದ ಮೇಲೂ ಆ ಮನೆ ಅವರನ್ನು ಬಿಡುವುದಿಲ್ಲ.

ಮೊದಲು ‘ಭೂತಬಂಗಲೆ’. ಇದು ನಮ್ಮ ಪತ್ತೇದಾರಿ ಕಾದಂಬರಿಗಳ ಕಾಲದಿಂದ ಬಂದ ಸಿದ್ಧ ಪದ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಪುತ್ತೂರಿನ ಗೆಳತಿಯೊಬ್ಬರು ಇದನ್ನು ಓದಿ ಬೇಸರಪಟ್ಟುಕೊಂಡರು. ಅವರ ತರವಾಡು ಮನೆಯಲ್ಲಿ ಭೂತದ ಕೋಣೆಯೇ ಇದೆ. ಒಳಗೆ ತೂಗುಮಂಚ, ಅದರ ಮೇಲೆ ಕತ್ತಿ, ಗಂಟೆ. ಸಂಜೆ ಅಲ್ಲಿ ದೀಪ ಇಡದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ತುಳುನಾಡಿನಲ್ಲಿ ಭೂತವಿರುವ ಮನೆ ಎಂದರೆ ಕಾವಲಿರುವ ಮನೆ, ಕೈಮುಗಿದು ಒಳಗೆ ಹೋಗುವ ಜಾಗ. ಹೆದರಿ ಓಡುವ ಜಾಗವಲ್ಲ. ‘ದೆವ್ವ’ವೂ ಮೂಲದಲ್ಲಿ ದೈವದ ತದ್ಭವವೇ, ಆದರೆ ಅದು ಇಂದು ಪೂರ್ತಿಯಾಗಿ ಕೆಟ್ಟ ಅರ್ಥಕ್ಕೆ ಇಳಿದುಬಿಟ್ಟಿದೆ. ‘ಭೂತ’ ಹಾಗಲ್ಲ. ಅರ್ಧ ಕನ್ನಡನಾಡಿನಲ್ಲಿ ಹೆದರಿಸುತ್ತದೆ, ಕರಾವಳಿಯಲ್ಲಿ ಕಾಯುತ್ತದೆ. ಅವರ ಮಾತು ನ್ಯಾಯವಾದದ್ದು ಎಂದು ನನಗೆ ಅನ್ನಿಸಿತು.

ಇದೇ ಪದದ ಬಗ್ಗೆ ನಿವೃತ್ತ ಅಧ್ಯಾಪಕರೊಬ್ಬರು ಇನ್ನೊಂದು ಸೊಗಸಾದ ಮಾತು ಬರೆದಿದ್ದಾರೆ: ಕನ್ನಡದಲ್ಲಿ ಕಳೆದ ಕಾಲಕ್ಕೂ ಭೂತವೆಂದೇ ಹೆಸರು, ಈ ಸರಣಿಯಲ್ಲಿ ಬರುವುದೆಲ್ಲ ಭೂತಕಾಲದ ಭೂತಗಳು, ಹಾಗಾಗಿ ಇದಕ್ಕಿಂತ ಒಳ್ಳೆಯ ಪದ ಸಿಗದು ಎಂದು. ನಾನೂ ಎರಡು ದಿನ ಒಪ್ಪಿಕೊಂಡಿದ್ದೆ. ಆಮೇಲೆ ಐದನೆಯ ಕಂತನ್ನು ಮತ್ತೊಮ್ಮೆ ನೋಡಿದೆ. (ಸರಣಿಯನ್ನು ಇನ್ನೂ ನೋಡದವರು ಈ ಪ್ಯಾರಾದ ಉಳಿದ ಭಾಗವನ್ನು ದಯವಿಟ್ಟು ಬಿಟ್ಟುಬಿಡಿ.) ಆ ಐದು ಮಕ್ಕಳಲ್ಲಿ ಒಬ್ಬಳಾದ ಪುಟ್ಟ ನೆಲ್‌ಗೆ ರಾತ್ರಿ ಹಾಸಿಗೆಯ ಬಳಿ ಕತ್ತು ವಾಲಿದ ಹೆಂಗಸೊಬ್ಬಳು ಕಾಣಿಸುತ್ತಾಳೆ. ಬೆಳೆದ ಮೇಲೂ, ಕೈಕಾಲು ಆಡದೆ ಕಣ್ಣು ಮಾತ್ರ ತೆರೆದಿರುವ ನಿದ್ದೆಯ ಗಳಿಗೆಗಳಲ್ಲಿ, ಅವಳು ಬರುತ್ತಲೇ ಇರುತ್ತಾಳೆ. ಅವಳು ಯಾರು? ಸತ್ತ ಗಳಿಗೆಯ ನೆಲ್ ತಾನೇ. ಆ ಮಗುವನ್ನು ಕಾಡಿದ್ದು ಕಳೆದದ್ದಲ್ಲ, ಬರಲಿರುವುದು. ವ್ಯಾಕರಣದ ಪ್ರಕಾರ ಅದು ಭವಿಷ್ಯತ್ತು. ಅಧ್ಯಾಪಕರ ಶ್ಲೇಷೆ ಎಷ್ಟೇ ಚೆನ್ನಾಗಿದ್ದರೂ ಸರಣಿಯ ನಟ್ಟನಡುವಿನ ಕಂತಿಗೆ ಹೊಂದುವುದಿಲ್ಲ.

ಹಾಗೆಯೇ ಒಂದು ಸಣ್ಣ ಕೇಳಿಕೆ: ಆ ಹೆಂಗಸಿಗೆ ನೆಲ್ ಇಟ್ಟ ಹೆಸರನ್ನು ನಾನು ‘ಸೊಟ್ಟಕತ್ತಿನವಳು’ ಎಂದು ಬರೆದಿದ್ದೇನೆ. ‘ವಕ್ರಗ್ರೀವೆ’ ಎಂದು ಒಬ್ಬರು ಸೂಚಿಸಿದರು. ಆರು ವರ್ಷದ ಮಗು ಇಟ್ಟ ಹೆಸರು ಮಗುವಿನ ಬಾಯಲ್ಲಿ ಹೊರಳುವಂತಿರಬೇಕು ಎಂಬುದು ನನ್ನ ನಿಲುವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹನ್ನೊಂದು ಬರಹಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು. ಬರೆದವರು ಕೆಲವು ವರ್ಷಗಳ ಹಿಂದೆ ತಮ್ಮನನ್ನು ಕಳೆದುಕೊಂಡವರು. ‘ಆ ಮನೆ ನನ್ನನ್ನು ಎರಡು ವಾರ ಕಾಡಿತು’ ಎಂದು ಆರಂಭಿಸುತ್ತಾರೆ. ಅರ್ಧ ಪುಟ ಕಳೆದ ಮೇಲೆ, ತಮ್ಮನ ಶರ್ಟೊಂದು ಇನ್ನೂ ಬೀರುವಿನಲ್ಲಿದೆ, ಬಾಗಿಲು ತೆಗೆದಾಗಲೆಲ್ಲ ಅದು ಕಾಡುತ್ತದೆ ಎಂದು ಬರೆಯುತ್ತಾರೆ. ಮನೆಗೂ ಕಾಡುವುದು, ಶರ್ಟಿಗೂ ಕಾಡುವುದು. ಅವರು ಪದವನ್ನು ಹುಡುಕಿ ಇಟ್ಟಿಲ್ಲ, ತಾನಾಗಿ ಬಂದಿದೆ.

‘ಕಾಡು’ ಎಂಬ ಕ್ರಿಯೆಯ ವ್ಯಾಪ್ತಿ ನಿಮಗೆಲ್ಲ ತಿಳಿದದ್ದೇ. ಬಡತನ ಕಾಡುತ್ತದೆ, ಮಂಡಿನೋವು ಕಾಡುತ್ತದೆ, ನೆನಪು ಕಾಡುತ್ತದೆ, ಮಿಠಾಯಿ ಬೇಕೆಂದು ಮಗು ಕಾಡುತ್ತದೆ, ಕಾಡಿ ಬೇಡಿ ಸಾಲ ತರುತ್ತೇವೆ. ಇವೆಲ್ಲದರಲ್ಲೂ ಕಾಡಿಸಿಕೊಳ್ಳುವುದು ಜೀವವಿರುವ ಒಬ್ಬರು. ಇಂಗ್ಲಿಷಿನ ಕ್ರಿಯಾಪದ ಫ್ರೆಂಚಿನಿಂದ ಬಂದದ್ದು, ಒಂದು ಜಾಗಕ್ಕೆ ಅಡಿಗಡಿಗೆ ಹೋಗಿಬರುವುದು ಅದರ ಹಳೆಯ ಅರ್ಥ. ಆದ್ದರಿಂದ ಅಲ್ಲಿ ಜಾಗವೇ ಕರ್ಮವಾಗಬಹುದು. ಆ ಅರ್ಥಕ್ಕೆ ನಮ್ಮಲ್ಲಿ ‘ಸುಳಿದಾಡು’ ಇದೆ, ‘ಸಂಚಾರ’ ಇದೆ. ಆದರೆ ‘ದೆವ್ವ ಮನೆಯನ್ನು ಕಾಡುತ್ತದೆ’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಮನೆಯಲ್ಲಿ ಇದ್ದವರನ್ನು ಕಾಡಬೇಕು.

ನಾಮಪದ ‘ಕಾಟ’ವನ್ನು ನೋಡಿದರೆ ಇನ್ನೂ ಸ್ಪಷ್ಟ. ಇಂಗ್ಲಿಷ್ ತಲೆಬರಹದಲ್ಲಿ ಮನೆಗೆ ಕಾಟವೋ, ಮನೆಯದೇ ಕಾಟವೋ ಎಂಬುದು ಎರಡೂ ಕಡೆಗೆ ವಾಲುತ್ತದೆ. ಕನ್ನಡದಲ್ಲಿ ಷಷ್ಠಿ ಹಾಕಿ ನೋಡಿ: ಸೊಳ್ಳೆಯ ಕಾಟ, ಸಾಲಗಾರರ ಕಾಟ, ದೆವ್ವದ ಕಾಟ. ಎಲ್ಲ ಕಡೆಯೂ ಕಾಟ ಕೊಡುವುದು ಷಷ್ಠಿಯಲ್ಲಿರುವುದೇ. ಹಾಗಾದರೆ ‘ಹಿಲ್ ಹೌಸಿನ ಕಾಟ’ ಎಂದರೆ ಕಾಟ ಕೊಡುವುದು ಮನೆಯೇ ಎಂದಾಯಿತು. ಸರಣಿಯೂ ಅದನ್ನೇ ಹೇಳುತ್ತದೆ. ದೊಡ್ಡ ಮಗ ಸ್ಟೀವನ್ ಆ ಮನೆಯ ಮೇಲೆ ಪುಸ್ತಕ ಬರೆದು ಹೆಸರು ಮಾಡುತ್ತಾನೆ, ಆದರೆ ದೆವ್ವವನ್ನು ನಂಬುವುದಿಲ್ಲ. ದೆವ್ವ ಎಂಬುದು ನೆನಪಾಗಿರಬಹುದು, ಗುಟ್ಟಾಗಿರಬಹುದು, ದುಃಖವೋ ಸಿಟ್ಟೋ ಆಗಿರಬಹುದು ಎಂಬುದು ಅವನ ಅಭಿಪ್ರಾಯ. ಈ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಕನ್ನಡದಲ್ಲಿ ‘ಕಾಡುತ್ತದೆ’ ಸಲೀಸಾಗಿ ಹತ್ತುತ್ತದೆ.

‘ಹೆದರಿಕೆಯಾಗಲಿಲ್ಲ, ಅಳು ಬಂತು’ ಎಂದು ನಾಲ್ವರು ಬರೆದಿದ್ದಾರೆ. ಅವರಲ್ಲಿ ಇಬ್ಬರಿಗೆ ಅದೊಂದು ದೂರು. ಭಯಾನಕವೆಂದು ಕೂರಿಸಿ ಕರುಣ ಬಡಿಸಿದರು ಎಂದು. ‘ದೆವ್ವದ ಮನೆ’ ಎಂದು ಹೆಸರಿಟ್ಟರೆ ಈ ದೂರು ಸರಿಯಾದದ್ದೇ, ಹೆಸರು ಕೊಟ್ಟ ಮಾತನ್ನು ಕಥೆ ಉಳಿಸಿಕೊಂಡಿಲ್ಲ. ‘ಕಾಟ’ ಎಂದು ಇಟ್ಟರೆ ಅಳುವೂ ಅದರೊಳಗೇ ಸೇರುತ್ತದೆ.

ಅಂತ್ಯದ ಬಗ್ಗೆಯೂ ಜಗಳವಿದೆ, ಅದೂ ಪದದ ಜಗಳವೇ. ಜಾಕ್ಸನ್ ಅವರ ಕಾದಂಬರಿಯ ಕೊನೆಯಲ್ಲಿ, ಅಲ್ಲಿ ಅಡ್ಡಾಡುತ್ತಿದ್ದದ್ದು ಏನೇ ಇರಲಿ, ಒಂಟಿಯಾಗಿ ಅಡ್ಡಾಡುತ್ತಿತ್ತು ಎಂಬ ಮಾತಿದೆ. ಸರಣಿ ಅದನ್ನು ತಿರುಗಿಸಿ, ಅಲ್ಲಿ ಅಡ್ಡಾಡುವವರು ಜೊತೆಯಾಗಿ ಅಡ್ಡಾಡುತ್ತಾರೆ ಎನ್ನುತ್ತದೆ. ‘ಒಂಟಿ’ ಹೋಗಿ ‘ಜೊತೆ’ ಬಂತೆಂದು ಎಲ್ಲರೂ ಗಮನಿಸಿದ್ದಾರೆ. ಆದರೆ ಕನ್ನಡಕ್ಕೆ ತರುವಾಗ ನನಗೆ ಕಂಡದ್ದು ಕ್ರಿಯಾಪದದ ತುದಿ. ಅಡ್ಡಾಡುತ್ತಿತ್ತು ಎಂಬುದು ಅಡ್ಡಾಡುತ್ತಾರೆ ಎಂದಾಗುತ್ತದೆ. ಹೆಸರಿಲ್ಲದ ‘ಅದು’ ಹೋಗಿ ನಮ್ಮವರೇ ಆದ ‘ಅವರು’ ಬಂದುಬಿಟ್ಟರು. ಅಂತ್ಯ ಸಪ್ಪೆ, ಸಿಹಿ ಹೆಚ್ಚಾಯಿತು ಎನ್ನುವವರು ಕಳೆದುಕೊಂಡದ್ದು ಆ ‘ಅದು’ವನ್ನು. ನನಗೂ ಆ ನಷ್ಟ ತಟ್ಟಿದೆ. ತಮ್ಮನನ್ನು ಕಳೆದುಕೊಂಡವರಿಗೆ ಮಾತ್ರ ಆ ‘ಅವರು’ ಬೇಕಿತ್ತು, ಹಾಗೆಂದು ಬರೆದಿದ್ದಾರೆ. ಇಬ್ಬರ ಮಾತನ್ನೂ ಪಕ್ಕಪಕ್ಕದಲ್ಲೇ ಹಾಕಿದ್ದೇನೆ.

ಇನ್ನು ನನ್ನ ಅಳುಕುಗಳು. ‘ಕಾಡುವ ಮನೆ’ ಎಂದು ತಲೆಬರಹ ಕೊಟ್ಟರೆ ಅವಸರದಲ್ಲಿ ಓದುವವರು ಅದನ್ನು ‘ಕಾಡುಮನೆ’ ಎಂದು ತಿಳಿಯುವುದಿಲ್ಲವೇ? ಸಕಲೇಶಪುರದ ಕಡೆ ಆ ಹೆಸರಿನ ಚಹಾ ತೋಟವೇ ಇದೆ. ‘ಹಿಲ್ ಹೌಸಿನ ಕಾಟ’ ಎಂದರೆ ‘ಕಾಟ’ಕ್ಕೆ ದಿನಬಳಕೆಯ ಬೇಸರದ ವಾಸನೆ ಅಂಟಿರುವುದರಿಂದ ತೂಕ ಕಡಿಮೆಯಾಗುತ್ತದೆಯೇ? ‘ಕಾಡಿದ ಮನೆ’ ಎಂದು ಭೂತಕಾಲದಲ್ಲಿಟ್ಟರೆ ಕಾಟ ಮುಗಿದಂತೆ ಕೇಳಿಸುತ್ತದೆ, ಅದು ಬೇಡ.

ಇನ್ನೊಂದು ದಾರಿ ನನ್ನ ಅಜ್ಜಿಯದು. ಸಾಗರದ ಹತ್ತಿರದ ಅವರ ಊರಿನ ಅಂಚಿನಲ್ಲಿ ಒಂದು ಹೆಂಚಿನ ಮನೆಯಿತ್ತು. ಬಾಡಿಗೆಗೆ ಬಂದವರು ಎರಡು ಮಳೆಗಾಲ ನಿಲ್ಲುತ್ತಿರಲಿಲ್ಲ. ಅಜ್ಜಿ ಒಮ್ಮೆಯೂ ದೆವ್ವ ಎಂಬ ಪದ ಬಳಸಿದ್ದು ನೆನಪಿಲ್ಲ. ಅಕ್ಕಿ ಆರಿಸುತ್ತಾ, ತಲೆ ಎತ್ತದೆ, ‘ಆ ಮನೆ ಯಾರಿಗೂ ಆಗಿಬರಲಿಲ್ಲ’ ಎನ್ನುತ್ತಿದ್ದರು. ಅಷ್ಟರಲ್ಲಿ ಎಲ್ಲವೂ ಇತ್ತು: ಸಾವು, ಸಾಲ, ಮುರಿದ ಮದುವೆ. ‘ಆಗಿಬರದ ಮನೆ’ ಎಂದು ತಲೆಬರಹ ಕೊಟ್ಟರೆ ನಗರದ ಓದುಗರಿಗೆ ವಾಸ್ತು ದೋಷದ ಲೇಖನದಂತೆ ಕಾಣಬಹುದೇ ಎಂಬ ಅನುಮಾನ ಮಾತ್ರ ಉಳಿದಿದೆ.

ಧಾರವಾಡ, ಕಲಬುರಗಿ, ಚಾಮರಾಜನಗರದ ಕಡೆಯ ಸದಸ್ಯರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಯಾರೂ ನಿಲ್ಲಲಾಗದ ಇಂಥ ಮನೆಗೆ ನಿಮ್ಮ ಊರಿನ ಹಿರಿಯರು ಏನೆನ್ನುತ್ತಾರೆ? ನಿಘಂಟಿನ ಪದ ಬೇಡ. ಆ ಮನೆಯ ಮುಂದೆ ಹಾದುಹೋಗುವಾಗ ಪಕ್ಕದಲ್ಲಿದ್ದವರಿಗೆ ದನಿ ತಗ್ಗಿಸಿ ಹೇಳುವ ಮಾತು ಬೇಕು. ಸಂಚಿಕೆ ಇಪ್ಪತ್ತೈದಕ್ಕೆ ಮುದ್ರಣಕ್ಕೆ ಹೋಗುತ್ತದೆ.